ನೂಲು ತಿಂದ ನೀರುಕುದುರೆ

ದುಬಾಯಿಗೆ ಹೋಗಿ ಬಂದವರೆಲ್ಲ ಎತ್ತರದ ಕಟ್ಟಡದ ಎದುರು ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರವೂ ಅಂಥದ್ದೊಂದು ಉಂಟು. ಅದರಲ್ಲಿ ಕಟ್ಟಡಕ್ಕೆ ತಲೆ ಇಲ್ಲ, ನನಗೆ ಕಾಲಿಲ್ಲ. ಆ ದೇಶದಲ್ಲಿ ಹತ್ತೊಂಬತ್ತು ದಿನ ಇದ್ದೆ. ಹೇಳುವಂಥದ್ದು ನಡೆದದ್ದು ನಾಲ್ಕೈದು ದಿನ ಮಾತ್ರ. ಉಳಿದ ದಿನಗಳಲ್ಲಿ ಏಸಿಯ ಕೆಳಗೆ ಕೂತು ನೆಗಡಿ ಹಿಡಿಸಿಕೊಂಡೆ, ಅದನ್ನು ಬರೆದು ಯಾರಿಗೂ ಉಪಯೋಗವಿಲ್ಲ.

ನಾನು ಕಾರ್ಕಳದವಳು. ಚಿನ್ನದ ಅಂಗಡಿಯ ಜಗಲಿಯಲ್ಲಿ ಕೂತು ನಲವತ್ತಾರು ವರ್ಷ ಕರಿಮಣಿ ಪೋಣಿಸಿದವಳು. ನಮ್ಮ ಕಡೆ ಹಿಂದೂ ಮದುಮಗಳಿಗೂ ಕರಿಮಣಿ ಬೇಕು, ಕ್ರೈಸ್ತರ ಮದುಮಗಳಿಗೂ ಬೇಕು, ಬ್ಯಾರಿ ಮುಸಲ್ಮಾನರಿಗೂ ಬೇಕು. ನಡುವಿನ ಪದಕ ಬೇರೆ, ನೂಲು ಒಂದೇ. ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯಿತು. ಅದಕ್ಕೆ ಅತ್ತದ್ದೂ ಇಲ್ಲ.

ಅಲ್ ಮುರಕ್ಕಬಾತ್

ಕರೆಸಿಕೊಂಡವಳು ಶೈಲಾ, ನನ್ನ ಮಗಳ ಮಗಳು. ಹಳೇ ಕಾಲದ ಸಾಮಾನುಗಳ ಬಗ್ಗೆ ಓದಿದವಳು. ಆ ಓದಿಗೆ ನಮ್ಮೂರಿನಲ್ಲಿ ಕೆಲಸ ಇಲ್ಲ, ಅಲ್ಲಿ ಸಿಕ್ಕಿತು. ಮ್ಯೂಸಿಯಮ್ಮುಗಳಿಗೆ ಪ್ರದರ್ಶನ ಜೋಡಿಸಿಕೊಡುವ ಒಂದು ಸಣ್ಣ ಕಂಪೆನಿ.

ಅಲ್ ಮುರಕ್ಕಬಾತ್ ಎಂಬ ಪೇಟೆಯಲ್ಲಿ ಅವಳ ಮನೆ ಎಂದರೆ ಒಂದು ಕೋಣೆಯ ಅರ್ಧ. ನಡುವೆ ಹಲಗೆ. ಹಲಗೆಯ ಆಚೆ ಕೊಂಕಣಿ ಮಾತಾಡುವ ಒಬ್ಬಳು ನರ್ಸು. ಈಚೆ ನಾನು ಸೀನಿದರೆ ಆಚೆಯಿಂದ ಕೊಂಕಣಿಯಲ್ಲಿ ದೇವರ ಹೆಸರು ಕೇಳುತ್ತಿತ್ತು. ಮುಖ ನೋಡುವ ಮೊದಲೇ ಇಪ್ಪತ್ತು ಸಲ ಆಶೀರ್ವಾದ ಸಿಕ್ಕಿತು.

ಆ ಊರಿನ ಲಿಫ್ಟಿನಲ್ಲಿ ಜನ ಒಬ್ಬರನ್ನೊಬ್ಬರು ನೋಡುವುದಿಲ್ಲ, ಎಲ್ಲರೂ ನಂಬರು ನೋಡುತ್ತಾರೆ. ನಮ್ಮ ಬಸ್ಸಿನಲ್ಲಿ ಪಕ್ಕ ಕೂತವರ ಮೂರು ತಲೆಮಾರು ಇಳಿಯುವಷ್ಟರಲ್ಲಿ ತಿಳಿದುಬಿಡುತ್ತದೆ. ಒಂದು ದಿನ ಒಬ್ಬಳು ಫೋನಿನಲ್ಲಿ ತುಳು ಮಾತಾಡುತ್ತಿದ್ದಳು, ಜೊತೆಯಲ್ಲಿ ಆರೇಳು ವರ್ಷದ ಮಗಳು. ನಮ್ಮವರೇ ಎಂದು ಕೇಳಿದೆ, “ಹೆಸರೆಂತ ಪುಟ್ಟಾ?”

“ಐ ಡೋಂಟ್ ಟಾಕ್ ಟು ಸ್ಟ್ರೇಂಜರ್ಸ್,” ಎಂದಿತು.

ತಾಯಿಯ ಮುಖ ಕೆಂಪಾಯಿತು. “ಶಾಲೆಯಲ್ಲಿ ಹಾಗೆ ಕಲಿಸ್ತಾರೆ ಅಜ್ಜಿ.”

“ಒಳ್ಳೇದೇ ಕಲಿಸ್ತಾರೆ. ಅದರ ಹೆಸರು ನೀನೇ ಹೇಳು, ನಿನಗೆ ಶಾಲೆ ಮುಗಿದಿದೆಯಲ್ಲ,” ಎಂದೆ.

ರಾತ್ರಿ ಊಟಕ್ಕೆ ಕೂತಾಗ ಶೈಲಾ ವಿಷಯ ಹೇಳಿದಳು. ಕೆಲಸಕ್ಕೆ ಸೇರಿ ಆರು ತಿಂಗಳು ಪರೀಕ್ಷೆ. ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮೇಲಿನ ಡಾಕ್ಟರ್ ಮೇಡಂ ಸಹಿ ಹಾಕಿದರೆ ಖಾಯಂ. ಹಾಕದಿದ್ದರೆ ವೀಸಾ ಕ್ಯಾನ್ಸಲ್, ಈ ಅರ್ಧ ಕೋಣೆಯೂ ಕ್ಯಾನ್ಸಲ್, ಊರಿಗೆ ಟಿಕೇಟು.

“ಅಜ್ಜಿ, ನಾನು ಕೆಲಸ ಮಾಡುವ ಜಾಗಕ್ಕೆ ಕರ್ಕೊಂಡು ಹೋಗ್ತೇನೆ. ಆದ್ರೆ ಅಲ್ಲಿ ಎಂತದನ್ನೂ ಮುಟ್ಲಿಕ್ಕಿಲ್ಲ. ಎಂತದೂ ಮಾತಾಡ್ಲಿಕ್ಕೂ ಇಲ್ಲ.”

“ಉಸಿರಾಡಬಹುದಾ?”

“ಮೆಲ್ಲ.”

ಜುಮೇರಾ ಲೇಕ್ ಟವರ್ಸ್

ಅವರ ಆಫೀಸು ಇದ್ದದ್ದು ಇಲ್ಲಿ. ಹೆಸರಿನಲ್ಲಿ ಕೆರೆ ಉಂಟು. ನೀರೂ ಉಂಟು. ಆದರೆ ಬಟ್ಟೆ ಒಗೆಯುವವರಿಲ್ಲ, ಎಮ್ಮೆ ಇಲ್ಲ, ಪಾಚಿ ಇಲ್ಲ. ಯಾರೋ ತೊಳೆದು ಇಟ್ಟ ಕೆರೆ.

ಡಾಕ್ಟರ್ ನಾದಿಯಾ ಈಜಿಪ್ತಿನವಳು. ಐವತ್ತರ ಹೆಂಗಸು, ತುಂಡು ಕೂದಲು, ಮೂಗಿನ ಮೇಲೆ ಒಂದು ಕನ್ನಡಕ, ಹಣೆಯ ಮೇಲೆ ಇನ್ನೊಂದು. ಡಾಕ್ಟರ್ ಎಂದಾಗ ನಾನು ಮದ್ದು ಕೊಡುವ ಡಾಕ್ಟರೆಂದೇ ತಿಳಿದೆ. ಶೈಲಾ ಬಾಯಿ ತೆರೆಯುವ ಮೊದಲೇ ಸೀರೆ ಮೊಣಕಾಲಿನ ತನಕ ಎತ್ತಿ, ಬಾವು ಬಂದ ಬಲಗಾಲು ತೋರಿಸಿ, “ಮೆಟ್ಟಿಲು ಹತ್ತುವಾಗ ಕಟ್ ಅಂತದೆ,” ಎಂದೆ.

ಆ ಹೆಂಗಸು ಬಗ್ಗಿ ಸರಿಯಾಗಿಯೇ ನೋಡಿತು. ಒತ್ತಿಯೂ ನೋಡಿತು. ಆಮೇಲೆ ಶೈಲಾಳಿಗೆ ಏನೋ ಹೇಳಿ ನಕ್ಕಿತು.

“ಎಂತ ಹೇಳಿದ್ದು?”

“ಅವರ ಹತ್ರ ಬರುವ ರೋಗಿಗಳೆಲ್ಲ ಸತ್ತು ಮೂರು ಸಾವಿರ ವರ್ಷ ಆದವರಂತೆ. ನೀವು ಇನ್ನೂ ಕಾಯ್ಬೇಕಂತೆ.”

ಹೊರಡುವಾಗ ನಾದಿಯಾ ನನ್ನ ಕೈ ಹಿಡಿದು, “ಯಲ್ಲಾ, ಹಗ್ಗಾ,” ಎಂದಳು. ನನಗೆ ಸಿಟ್ಟು ಬಂತು. ನೂಲು ಪೋಣಿಸುವವಳೆಂದು ಯಾರೋ ಹೇಳಿಕೊಟ್ಟು ಹಂಗಿಸುತ್ತಿದ್ದಾಳೆ ಎಂದುಕೊಂಡೆ. ಕೆಳಗೆ ಕಾರಿನಲ್ಲಿ ಕಾಯುತ್ತಿದ್ದ ಇಸ್ಮಾಯಿಲ್ ಬಿಡಿಸಿ ಹೇಳಿದ. ಇವನು ಉಳ್ಳಾಲದ ಬ್ಯಾರಿ. ದಿನವೂ ನಾಲ್ಕೈದು ಜನರನ್ನು ದುಬಾಯಿಯಿಂದ ಅಬುಧಾಬಿಗೆ ಕೆಲಸಕ್ಕೆ ಕರೆದೊಯ್ಯುವವನು. ಅದಕ್ಕೆ ಅಲ್ಲಿ ಕಾರ್‌ಲಿಫ್ಟ್ ಎನ್ನುತ್ತಾರೆ.

“ಯಲ್ಲಾ ಅಂದ್ರೆ ಹೊರಡುವ ಅಂತ. ಹಾಜಿ ಗೊತ್ತುಂಟಲ್ಲ ಅಜ್ಜಿ? ಹಜ್ಜಿಗೆ ಹೋಗಿ ಬಂದವರು. ಹೆಂಗಸಾದ್ರೆ ಹಾಜ್ಜಾ. ಈ ಈಜಿಪ್ತಿನವರಿಗೆ ಜ ತಿರುಗುದಿಲ್ಲ, ಗ ಮಾಡ್ತಾರೆ. ಪ್ರಾಯದವರನ್ನು ಮರ್ಯಾದೆಗೆ ಹಾಗೆ ಕರಿಯುದು.”

“ನಾನು ಧರ್ಮಸ್ಥಳಕ್ಕೇ ಹೋಗದೆ ಹತ್ತು ವರ್ಷ ಆಯ್ತು ಮಾರಾಯ.”

“ಅದನ್ನು ಅವರಿಗೆ ಹೇಳ್ಬೇಡಿ, ಮರ್ಯಾದೆ ಹೋಗ್ತದೆ!”

ಅಬುಧಾಬಿ, ಹಿಂದಿನ ಕೋಣೆ

ಶೈಲಾಳ ಕಂಪೆನಿ ಪ್ರದರ್ಶನ ಜೋಡಿಸುತ್ತಿದ್ದ ಮ್ಯೂಸಿಯಮ್ಮಿನ ಎದುರಿನ ಭಾಗ ಅರಮನೆ. ಹಿಂದಿನ ಭಾಗ ಯಾವ ಊರಿನಲ್ಲಾದರೂ ಒಂದೇ: ಡಬ್ಬ, ಏಣಿ, ಟೇಪು, ಕುಡಿದಿಟ್ಟ ಚಾ ಲೋಟ. ಈಜಿಪ್ತಿನ ಹಳೇ ಸಾಮಾನುಗಳ ಪ್ರದರ್ಶನ ತೆರೆಯಲು ಎರಡು ದಿನ ಇತ್ತು. ಹೆಸರು ಬರೆಸಿ, ಕುತ್ತಿಗೆಗೆ ಚೀಟಿ ಹಾಕಿಸಿ ಶೈಲಾ ನನ್ನನ್ನು ಒಳಗೆ ಕೂರಿಸಿದಳು.

ಮೇಜಿನ ಮೇಲೆ ಬಟ್ಟೆ ಹಾಸಿದ ಹರಿವಾಣದಲ್ಲಿ ನೀಲಿ ಹಸಿರಿನ ಸಣ್ಣ ಗೊಂಬೆಗಳು. ಬೆರಳಿನ ಒಂದು ಗಂಟಿನಷ್ಟು ಉದ್ದ. ನೀರಾನೆ ಎನ್ನುತ್ತಾರಲ್ಲ, ಆ ನೀರುಕುದುರೆಯ ಮುಖ, ಹೆಂಗಸಿನ ಜೋತ ಮೊಲೆ, ತುಂಬಿದ ಹೊಟ್ಟೆ, ನೆಟ್ಟಗೆ ಎರಡು ಕಾಲಿನ ಮೇಲೆ ನಿಂತದ್ದು. ಬೆನ್ನಿನಲ್ಲಿ ಆಚೆಯಿಂದ ಈಚೆಗೆ ನೂಲು ಹೋಗಲು ತೂತು.

“ಇದು ದೇವರು ಅಜ್ಜಿ. ಬಸುರಿ ಬಾಣಂತಿಯರನ್ನು ಕಾಯುವವಳು. ತಾಯಿತದ ಹಾಗೆ ಕಟ್ಟಿಕೊಳ್ತಿದ್ರು.”

“ನನ್ನ ಹಾಗೇ ಇದ್ದಾಳೆ,” ಎಂದೆ. ಸುಳ್ಳಲ್ಲ.

ಅದು ಮಣ್ಣಲ್ಲ, ಗಾಜೂ ಅಲ್ಲವಂತೆ. ಬಿಳಿ ಕಲ್ಲಿನ ಪುಡಿ, ಬೂದಿಯ ಉಪ್ಪು, ತಾಮ್ರದ ಕಿಲುಬು ಕಲಸಿ ಅಚ್ಚಿಗೊತ್ತಿ ಬೆಂಕಿಗಿಟ್ಟರೆ ಹೊಳಪು ಒಳಗಿನಿಂದ ತಾನೇ ಹೊರಗೆ ಬರುತ್ತದಂತೆ. ಹಲ್ವ ತುಪ್ಪ ಬಿಟ್ಟ ಹಾಗೆ. ಅದು ನನಗೆ ಕೂಡಲೇ ಅರ್ಥವಾಯಿತು. ತಾಯಿತ ಕಾಯುತ್ತದೆ ಎನ್ನುವುದು ಮಾತ್ರ ಅರ್ಥವಾಗಲಿಲ್ಲ. ನಾನು ಹೆತ್ತದ್ದು ಐದು, ಐದಕ್ಕೂ ಕಟ್ಟಿದ್ದೆ, ಉಳಿದದ್ದು ಮೂರು.

ಶೈಲಾ ಹೇಳಿದ್ದನ್ನು ಕೊನೆಯ ತನಕ ಕೇಳಿದ್ದರೆ ಈ ಕತೆ ಇಲ್ಲ. ಶಾಲೆಯ ಮಕ್ಕಳು ಮುಟ್ಟಿ ನೋಡಲೆಂದು ಇಪ್ಪತ್ತು ನಕಲು ಮಾಡಿಸಿದ್ದರು, ಈಜಿಪ್ತಿನಲ್ಲಿಯೇ, ಅದೇ ಪುಡಿಯಲ್ಲಿ, ಹಳತು ಕಾಣುವ ಹಾಗೆ. ಜೊತೆಗೆ ಅಸಲು ಒಂದು. ಅವಳು ಅಳತೆ ನೋಡಲು ಅದನ್ನೂ ಅದೇ ಹರಿವಾಣದ ಮೂಲೆಯಲ್ಲಿ ಇಟ್ಟಿದ್ದಳು, ಚೀಟಿ ಕಟ್ಟಿ. ಅಷ್ಟರಲ್ಲಿ ಯಾರೋ ಕರೆದರು. “ಐದು ನಿಮಿಷ ಅಜ್ಜಿ,” ಎಂದು ಓಡಿದಳು.

ಐದು ನಿಮಿಷ ಮುಕ್ಕಾಲು ಗಂಟೆಯಾಯಿತು.

ನನ್ನ ಎದುರು ಬಿಡಿ ಮಣಿ ಇಟ್ಟು ಹೋಗಬಾರದು. ಅಡಿಗೆಯವಳ ಎದುರು ಉಕ್ಕುವ ಹಾಲು ಇಟ್ಟ ಹಾಗೆ. ಜಗಲಿಯಲ್ಲಿ ಬಿಡಿ ಮಣಿ ಎಂದರೆ ಕಳೆಯುವ ಮಣಿ. ಮೊದಲು ಪೋಣಿಸು, ಆಮೇಲೆ ಮಾತು. ಸೊಂಟದ ಚೀಲದಲ್ಲಿ ಮೇಣ ಹಚ್ಚಿದ ನೂಲಿನ ಉಂಡೆ ಯಾವಾಗಲೂ ಇರುತ್ತದೆ. ಬೆರಳಿಗೆ ಯಾರೂ ಹೇಳಬೇಕಾಗಿಲ್ಲ. ಸಣ್ಣದು ಎರಡು ತುದಿಗೆ, ದೊಡ್ಡದು ನಡುವಿಗೆ, ಪ್ರತಿಯೊಂದರ ನಡುವೆ ಒಂದು ಗಂಟು. ಒಂದಕ್ಕೆ ಏನೋ ಚೀಟಿ ಕಟ್ಟಿತ್ತು, ಗಂಟು ನೋಡಿದರೆ ಕುರುಡರು ಹಾಕಿದ ಗಂಟು. ಹಲ್ಲಿನಿಂದ ಕಡಿದು ಚೀಟಿ ಬದಿಗಿಟ್ಟೆ. ಇಪ್ಪತ್ತೊಂದು ನೀರುಕುದುರೆಯ ಹಾರ ಮುಗಿಸಿ, ಗಂಟಿನ ತುದಿಯನ್ನು ಉಗುರಿನಿಂದ ಒತ್ತಿ, ಬಟ್ಟೆಯ ಮೇಲೆ ಚಂದ್ರನ ಹಾಗೆ ಬಳಸಿ ಇಟ್ಟೆ. ಬಹಳ ಲಾಯ್ಕಾಗಿತ್ತು.

ಶೈಲಾ ಬಂದಳು. ಹಾರ ನೋಡಿದಳು. ಬದಿಯಲ್ಲಿದ್ದ ಚೀಟಿ ನೋಡಿದಳು. ನೆಲದ ಮೇಲೆ ಕೂತುಬಿಟ್ಟಳು.

“ಅಜ್ಜೀ,” ಎಂದಳು, “ಇದ್ರಲ್ಲಿ ಒಂದು ಅಸಲು ಇತ್ತು.”

ಅದೇ ಕೋಣೆ, ಇನ್ನೊಂದು ಗಂಟೆ

ಅಳು ನನಗೆ ಆಗದು. “ಎದ್ದೇಳು. ಬಾಗಿಲು ಹಾಕು,” ಎಂದೆ.

“ಒಂದೇ ತೂಕ, ಒಂದೇ ಬಣ್ಣ ಅಜ್ಜಿ! ಹಾಗೇ ಇರ್ಬೇಕಂತಲೇ ಮಾಡಿಸಿದ್ದು! ಮೇಡಂ ನಾಳೆ ಬೆಳಿಗ್ಗೆ ಬರ್ತಾರೆ. ನನ್ನ ಕತೆ ಖಲಾಸ್!”

“ಮೂರು ಸಾವಿರ ವರ್ಷದ್ದು ಮತ್ತು ಮೊನ್ನೆಯದ್ದು ಒಂದೇ ಅಂತ ಹೇಳುವವರಿಗೆ ಕಣ್ಣಿಲ್ಲ. ಕತ್ತರಿ ಕೊಡು.”

ಹಾರ ಬಿಚ್ಚಿದೆ. ಒಂದೊಂದನ್ನೇ ತೆಗೆದುಕೊಂಡು ಅಭ್ಯಾಸದಂತೆ ಹಲ್ಲಿಗೆ ತಾಗಿಸಲು ಹೋದೆ. ಗಾಜೋ ಪ್ಲಾಸ್ಟಿಕ್ಕೋ ಎಂದು ನಾವು ನೋಡುವುದೇ ಹಾಗೆ. ಶೈಲಾ ಬೊಬ್ಬೆ ಹಾಕಿ ನನ್ನ ಕೈ ಹಿಡಿದಳು. ಎಂಜಲು ಮಾಫಿ, ಹಲ್ಲು ಮಾಫಿ. ಆ ಊರಿನಲ್ಲಿ ಮಾಫಿ ಎಂದರೆ ಇಲ್ಲ, ಕೂಡದು. ಸರಿ, ಉಗುರು ಉಂಟಲ್ಲ.

ನಮ್ಮ ಕಸುಬಿನ ಒಂದು ಮಾತು ಹೇಳುತ್ತೇನೆ. ಹಳೆಯ ಕರಿಮಣಿಯನ್ನು ಮತ್ತೆ ಪೋಣಿಸಲು ತಂದರೆ ನಾವು ಮೊದಲು ನೋಡುವುದು ಮಣಿಯ ಬಾಯಿ. ಹೊಸ ಮಣಿಯ ಬಾಯಿಗೆ ಅಂಚು ಇರುತ್ತದೆ, ಉಗುರಿಗೆ ತಾಗುತ್ತದೆ. ವರ್ಷಗಟ್ಟಲೆ ಕುತ್ತಿಗೆಯಲ್ಲಿದ್ದದ್ದಕ್ಕೆ ಅಂಚು ಇರುವುದಿಲ್ಲ, ಮೇಲ್ಗಡೆ ಒಂದು ತಗ್ಗು ಬಿದ್ದಿರುತ್ತದೆ. ಭಾರ ಕೆಳಗೆ ಎಳೆಯುತ್ತದೆ, ನೂಲು ಮೇಲೆ ಉಜ್ಜುತ್ತದೆ. ಅದಕ್ಕೆ ‘ನೂಲು ತಿಂದಿದೆ’ ಎನ್ನುತ್ತೇವೆ. ಮೆತ್ತಗಿನ ನೂಲು ಕಲ್ಲನ್ನು ತಿನ್ನುತ್ತದೆಯೇ ಎಂದು ಕೇಳಬೇಡಿ. ತಿನ್ನುತ್ತದೆ. ಎಷ್ಟು ತಿಂದಿದೆ ಎಂದು ನೋಡಿ ಮದುವೆಯಾಗಿ ಎಷ್ಟು ವರ್ಷ ಎಂದು ಹೇಳಬಲ್ಲೆ. ಹೇಳಿ ಪ್ರಾಯ ಮುಚ್ಚಿಟ್ಟವರ ಬೈಗುಳ ತಿಂದದ್ದೂ ಉಂಟು.

ಒಂದು. ಅಂಚು. ಎರಡು. ಅಂಚು. ಮೂರು, ನಾಲ್ಕು, ಐದು, ಎಲ್ಲವೂ ಚೂಪು. ಮೈಗೆ ಮರಳು ಕಾಗದ ತಿಕ್ಕಿ ಹಳತು ಮಾಡಿದ್ದರು, ತೂತಿನ ಒಳಗೆ ತಿಕ್ಕಲು ಯಾರಿಗೂ ತಲೆ ಹೋಗಿರಲಿಲ್ಲ. ಹದಿನಾಲ್ಕನೆಯದಕ್ಕೆ ಉಗುರು ಇಟ್ಟೆ. ಉಗುರು ಜಾರಿ ಒಳಗೆ ಹೋಯಿತು. ಆಚೆ ಬದಿಯಲ್ಲಿ ನೋಡಿದೆ. ಅಲ್ಲೂ ತಗ್ಗು.

“ಇದು.”

“ನೂರಕ್ಕೆ ನೂರಾ?”

“ಉಳಿದ ಏಳನ್ನೂ ನೋಡುವ, ನಿನ್ನ ಸಮಾಧಾನಕ್ಕೆ.” ನೋಡಿದೆ. ಏಳೂ ಚೂಪು.

ಫೋನಿನಲ್ಲಿ ಅಸಲಿನ ಹಳೆಯ ಫೋಟೋ ಇದ್ದದ್ದು ಶೈಲಾಳಿಗೆ ಆಗ ನೆನಪಾಯಿತು. ಅದನ್ನು ತೆರೆದು, ದೊಡ್ಡದು ಮಾಡಿ, ಎಡಗಿವಿಯ ಹತ್ತಿರದ ಒಂದು ಚುಕ್ಕೆ ಹೋಲಿಸಿದಳು. ಹೌದು, ಅದೇ. ನನ್ನ ಕುತ್ತಿಗೆಗೆ ಬಿದ್ದು ಕೂಗಿದಳು. ನಾನೂ ಒಂದು ನಿಮಿಷ ನಕ್ಕೆ. ಚೀಟಿಯನ್ನು ಮತ್ತೆ ಕಟ್ಟಿಕೊಟ್ಟೆ, ಈ ಸಲ ಸರಿಯಾದ ಗಂಟು ಹಾಕಿ.

“ಇನ್ನು ಬಾಯಿ ಮುಚ್ಚಿ ಅಜ್ಜಿ. ಆದದ್ದು ಇಬ್ಬರಿಗೇ ಗೊತ್ತು. ಖಲಾಸ್.”

“ಖಲಾಸ್,” ಎಂದೆ.

ಮರುದಿನ, ಮತ್ತೆ ಅಬುಧಾಬಿ

ಮರುದಿನ ಡಾಕ್ಟರ್ ನಾದಿಯಾ ಕೆಲಸದವರಿಗೆಲ್ಲ ವಸ್ತುಗಳನ್ನು ತೋರಿಸಿ ವಿವರಿಸುತ್ತಿದ್ದಳು. ಶೈಲಾ ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದಳು. ನೀರುಕುದುರೆಯ ಗಾಜಿನ ಪೆಟ್ಟಿಗೆಯ ಎದುರು ಎಲ್ಲರೂ ನಿಂತೆವು. ಗೋಡೆಯ ಮೇಲೆ ಬರೆದದ್ದನ್ನು ನಾದಿಯಾ ಓದಿದಳು.

“ಇದನ್ನು ಸತ್ತವರ ಜೊತೆ ಇಡ್ಲಿಕ್ಕೆ ಅಂತಲೇ ಮಾಡಿದ್ದಂತೆ,” ಶೈಲಾ ಪಿಸುಗುಟ್ಟಿದಳು. “ಬದುಕಿದವರು ಯಾರೂ ಧರಿಸಿದ್ದಲ್ಲವಂತೆ.”

“ಸುಳ್ಳು,” ಎಂದೆ.

ನನ್ನ ಪಿಸುಮಾತು ಹತ್ತು ಮಾರು ಕೇಳಿಸುತ್ತದೆ. ಎಲ್ಲರೂ ತಿರುಗಿದರು. ಕನ್ನಡ ತಿಳಿಯದಿದ್ದರೂ ಆ ಪದದ ದನಿ ಎಲ್ಲ ಭಾಷೆಯಲ್ಲೂ ಒಂದೇ.

“ಹಗ್ಗಾ?” ಎಂದಳು ನಾದಿಯಾ.

ಶೈಲಾ ನನ್ನ ಸೊಂಟ ಚಿವುಟಿದಳು. ಅವಳ ಕಣ್ಣಿನಲ್ಲಿ ವೀಸಾ, ಟಿಕೇಟು, ಎಲ್ಲವೂ ಕಂಡಿತು. ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಗೋಡೆಯ ಮೇಲೆ ಆ ಮಾತು ಉಳಿಯುತ್ತಿತ್ತು. ಮಕ್ಕಳು ಬಂದು ಓದುತ್ತಿದ್ದರು. ಯಾವಳೋ ಒಬ್ಬಳು ವರ್ಷಗಟ್ಟಲೆ ಕುತ್ತಿಗೆಯಲ್ಲಿ ಹಾಕಿಕೊಂಡದ್ದನ್ನು ಹಾಕಿಯೇ ಇಲ್ಲ ಎಂದು ಬರೆದರೆ ಅವಳಿಗೆ ಬಾಯಿಲ್ಲ. ನನಗೆ ಉಂಟು.

“ಹೇಳು ಅವರಿಗೆ. ನೂಲು ತಿಂದಿದೆ ಅಂತ ಹೇಳು. ಹೇಗೆ ಗೊತ್ತು ಅಂತ ಕೇಳ್ತಾರೆ. ನಿನ್ನೆ ನಾನು ಪೋಣಿಸಿದ್ದೂ ಹೇಳು. ತಪ್ಪು ನನ್ನದು ಅಂತಲೂ ಹೇಳು.”

“ಅಜ್ಜಿ, ಬೇಡ.”

“ನೀನು ಹೇಳದಿದ್ರೆ ನಾನು ಕೈಸನ್ನೆಯಲ್ಲಿ ಹೇಳ್ತೇನೆ. ಅದು ಇನ್ನೂ ಕೆಟ್ಟದಾಗಿ ಕಾಣ್ತದೆ.”

ಹೇಳಿದಳು. ಒಂದು ಚೂರೂ ಬಿಡದೆ ಹೇಳಿದಳು. ಹರಿವಾಣದಲ್ಲಿ ಅಸಲನ್ನು ಇಟ್ಟು ಹೋದದ್ದು ತನ್ನ ತಪ್ಪು ಎಂದೂ ಸೇರಿಸಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾದಿಯಾಳ ಮುಖ ಅಳಿಸಿದ ಹಲಗೆಯ ಹಾಗಾಯಿತು. ಪೆಟ್ಟಿಗೆ ತೆರೆದು, ಗೊಂಬೆಯನ್ನು ಕೈಗವಸಿನಲ್ಲಿ ಎತ್ತಿಕೊಂಡು, “ನಾಲ್ಕು ಗಂಟೆಗೆ ಬನ್ನಿ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಅಲ್ ಮೀನಾ

ನಾಲ್ಕು ಗಂಟೆಯ ತನಕ ಏನು ಮಾಡುವುದು? ಇಸ್ಮಾಯಿಲ್ ನಮ್ಮನ್ನು ಅಲ್ ಮೀನಾ ಎಂಬ ಬಂದರಿನ ಮೀನು ಮಾರ್ಕೆಟಿಗೆ ಕರೆದುಕೊಂಡು ಹೋದ. ಮೀನು ಮಾರ್ಕೆಟು ಎಂದರೆ ವಾಸನೆ ಬೇಕು, ಕೆಸರು ಬೇಕು, ಒಬ್ಬಳಾದರೂ ಬೈಯಬೇಕು. ಇಲ್ಲಿ ನೆಲ ನಮ್ಮ ಅಡಿಗೆಮನೆಗಿಂತ ಸ್ವಚ್ಛ. ಮಾರುವವರೆಲ್ಲ ಗಂಡಸರು. ಅಂಜಲ್ ಮೀನು ನೋಡಿದೆ, ಕಿವಿರು ಎತ್ತಿ ನೋಡಿದೆ, ಕೆಂಪಾಗಿತ್ತು, ಏನೂ ಹೇಳಲಿಕ್ಕಿರಲಿಲ್ಲ. ಅದೂ ಒಂದು ಬೇಸರ.

ಅದನ್ನೇ ಪಕ್ಕದ ಹೋಟೆಲಿನಲ್ಲಿ ಹುರಿಸಿ ಊಟಕ್ಕೆ ಕೂತೆವು. ಶೈಲಾ ಅನ್ನ ಮುಟ್ಟಲಿಲ್ಲ.

“ಎಂತಕ್ಕೆ ಹೇಳಿದ್ದು ಅಜ್ಜಿ? ಆ ಗೊಂಬೆ ನಿಮಗೆ ಎಂತ ಆಗ್ಬೇಕು?”

“ಎಂತದೂ ಆಗ್ಬೇಕಿಲ್ಲ.”

“ನನ್ನ ಕೆಲಸ ಹೋದ್ರೆ?”

“ಹೋದ್ರೆ ಹೋಯ್ತು. ನೀನು ಅಲ್ಲಿ ಎಂತ ಮಾಡ್ಲಿಕ್ಕೆ ಕೂತದ್ದು? ಹಳೇದರ ಬಗ್ಗೆ ನಿಜ ಹೇಳ್ಲಿಕ್ಕಲ್ವಾ? ಸುಳ್ಳು ಚೀಟಿ ಅಂಟಿಸುವುದಾದ್ರೆ ಔಷಧಿ ಅಂಗಡಿಯಲ್ಲೂ ಅಂಟಿಸ್ಬಹುದು.”

ಇಸ್ಮಾಯಿಲ್ ಮೀನಿನ ಮುಳ್ಳು ತೆಗೆಯುತ್ತಾ ಹೇಳಿದ, “ಶೈಲಕ್ಕಾ, ನಿಮ್ಮ ಅಜ್ಜಿಯನ್ನು ಪೊಲೀಸಿನವರು ಹಿಡಿದ್ರೆ ಪೊಲೀಸಿನವರಿಗೇ ಕಷ್ಟ. ನೀವು ಉಣ್ಣಿ.”

ಅವಳು ಉಂಡಳು. ಸ್ವಲ್ಪ.

ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೆ ಅವಳ ಮುಖ ನೋಡಿ ನನ್ನ ಪಾಲಿನ ಅಂಜಲ್ ಇಸ್ಮಾಯಿಲನ ತಟ್ಟೆಗೆ ಹಾಕಿದೆ. ಅದನ್ನೂ ಬರೆಯಬೇಕು.

ನಾಲ್ಕು ಗಂಟೆ

ನಾದಿಯಾ ಗೊಂಬೆಯನ್ನು ಒಂದು ಯಂತ್ರದ ಕೆಳಗೆ ಇಟ್ಟಿದ್ದಳು. ಪಕ್ಕದ ಪರದೆಯಲ್ಲಿ ಅದರ ತೂತು ಬಾವಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೇಲಿನ ಅಂಚಿನಲ್ಲಿ ತಗ್ಗು, ಬಾವಿಕಟ್ಟೆಯಲ್ಲಿ ಹಗ್ಗ ಉಜ್ಜಿದ ಜಾಗದ ಹಾಗೆಯೇ. ನಾನು ಉಗುರಿನಲ್ಲಿ ಕಂಡದ್ದನ್ನು ಈಗ ಕಣ್ಣಿನಲ್ಲಿ ಕಂಡೆ. ನಾದಿಯಾ ಅದನ್ನೇ ನೋಡುತ್ತಾ ಮಾತಾಡಿದಳು.

“ಈ ಬರಹ ಯಾರೋ ಹಿಂದಿನವರು ಬರೆದಿಟ್ಟದ್ದಂತೆ ಅಜ್ಜಿ. ಮೇಡಂ ಅದನ್ನೇ ನಂಬಿದ್ರಂತೆ. ತೂತಿನ ಒಳಗೆ ನೋಡ್ಲೇ ಇಲ್ಲವಂತೆ.” ಶೈಲಾಳ ದನಿ ಮೆಲ್ಲಗೆ ಏರುತ್ತಿತ್ತು. “ಇನ್ನೇನಾದ್ರೂ ಹೇಳ್ಲಿಕ್ಕುಂಟಾ ಅಂತ ಕೇಳ್ತಾರೆ.”

ಉಂಟಲ್ಲ! “ತೂತಿನ ಹೊರಬಾಯಿ ಎರಡೂ ಪಕ್ಕದಲ್ಲಿ ಸವೆದಿದೆ, ನೋಡ್ಲಿಕ್ಕೆ ಹೇಳು. ಒಂಟಿ ನೂಲಿನಲ್ಲಿ ಇದ್ರೆ ಹಾಗೆ ಸವೆಯುದಿಲ್ಲ. ಆಚೆ ಈಚೆ ಮಣಿ ಇತ್ತು, ಒತ್ತೊತ್ತಾಗಿ. ಇದು ನಡುವಿನದ್ದು. ಬೆನ್ನಿನ ಹೊಳಪು ಹೋದದ್ದು ಎದೆಗೆ ತಿಕ್ಕಿ. ಹತ್ತು ವರ್ಷಕ್ಕೆ ಕಡಿಮೆ ಇಲ್ಲ. ಒಂದು ಹೆರಿಗೆಗೆ ಕಟ್ಟಿ ಬಿಚ್ಚಿದ್ದಲ್ಲ, ಹೆತ್ತು ಹೆತ್ತು ಹಾಕಿಕೊಂಡದ್ದು.”

ನಾದಿಯಾ ಗೊಂಬೆಯನ್ನು ತಿರುಗಿಸಿದಳು. ಒಂದು ಪಕ್ಕ ನೋಡಿದಳು, ಇನ್ನೊಂದು ಪಕ್ಕ, ಬೆನ್ನು. ಅರಬಿಯಲ್ಲಿ ಏನೋ ಗೊಣಗಿ, ಹಣೆಯ ಕನ್ನಡಕವನ್ನೂ ಮೂಗಿನ ಕನ್ನಡಕವನ್ನೂ ತೆಗೆದು ಮೇಜಿನ ಮೇಲಿಟ್ಟು, ನನ್ನ ಎರಡೂ ಕೈ ಹಿಡಿದು ಬೆರಳಿನ ತುದಿಗಳನ್ನು ನೋಡಿದಳು. ಆಮೇಲೆ ಶೈಲಾಳನ್ನು ಬೈದಳು. ಚೆನ್ನಾಗಿಯೇ ಬೈದಳು. ಬೈಗುಳ ಮುಗಿದ ಮೇಲೆ ಕಾಗದ ತೆಗೆದು ಸಹಿ ಹಾಕಿದಳು.

“ಎಂತದು?” ಎಂದೆ.

ಶೈಲಾ ಆ ಕಾಗದವನ್ನೇ ಮತ್ತೆ ಮತ್ತೆ ಓದುತ್ತಿದ್ದಳು. ನಾದಿಯಾಳೇ ನನಗೆ ತಿಳಿಯುವ ಇಂಗ್ಲಿಷಿನಲ್ಲಿ ಹೇಳಿದಳು, “ಶೈಲಾ, ಪರ್ಮನೆಂಟ್. ಶೀ ನೋ ಲೈ.”

ಗೋಡೆಯ ಬರಹ ಆ ಸಂಜೆಯೇ ಕಿತ್ತರು. ಹೊಸದನ್ನು ಬರೆದವಳು ಶೈಲಾ. ನನಗೆ ಓದಿ ಹೇಳಿದಳು. ‘ಇದನ್ನು ಒಬ್ಬಳು ಹೆಂಗಸು ಮಣಿಸರದ ನಡುವೆ ಪೋಣಿಸಿ ಹಲವು ವರ್ಷ ಧರಿಸಿದ್ದಳು.’ ಸಾಕು. ಅದಕ್ಕಿಂತ ಹೆಚ್ಚು ನಮಗ್ಯಾರಿಗೂ ಗೊತ್ತಿಲ್ಲ.

ಪ್ರದರ್ಶನ ತೆರೆದ ಮರುದಿನ ನಾದಿಯಾಳಿಂದ ಕರೆ ಬಂತು. ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ತಾಯಿತಗಳಿವೆ, ಕಣ್ಣಿನ ಆಕಾರದವು, ಕುಳ್ಳ ದೇವರು, ಬೆಕ್ಕು. ಹಗ್ಗಾ ಬಂದು ನೋಡಬೇಕು. ಇಸ್ಮಾಯಿಲ್ ಕಾರಿನ ಮುಂದಿನ ಸೀಟು ಒರೆಸಿ ಕೊಟ್ಟ. ಮ್ಯೂಸಿಯಮ್ಮಿನ ಹಿಂದಿನ ಬಾಗಿಲಿನಲ್ಲಿ ಅಲ್ಪಸ್ವಲ್ಪ ಕನ್ನಡ ಬಲ್ಲ ಮಲಯಾಳಿ ಕಾವಲುಗಾರ ನನ್ನನ್ನು ತಡೆದ. ಬಹಳ ಮರ್ಯಾದೆಯಿಂದ ಒಂದು ತಟ್ಟೆ ಮುಂದೆ ಹಿಡಿದ.

“ಅಮ್ಮಾ, ನೂಲು ಇದ್ರಲ್ಲಿ ಇಡ್ಬೇಕು. ಮೇಡಂ ಆರ್ಡರ್.”

ಸೊಂಟದ ಚೀಲದಿಂದ ಉಂಡೆ ತೆಗೆದು ತಟ್ಟೆಯಲ್ಲಿಟ್ಟೆ. ಕೆಲಸಕ್ಕೆ ಬೇಕಾದದ್ದು ಉಗುರು. ಅದನ್ನು ಅವನು ಕೇಳಲಿಲ್ಲ.